ಯೂಲಜಿ ಅನ್ನೋ ಪದಕ್ಕೆ ಸ್ವಂತ ವಾಕ್ಯ

ಇತ್ತಲಾರ್
೨೧ ಜನವರಿ ೨೦೨೫, ಮಂಗಳವಾರ

ಪ್ರೀತಿಯ ತಮ್ಮ ಗಿರಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯಪ್ಪಾ? ಬೆನ್ನುನೋವು ಕಮ್ಮಿ ಆಯ್ತಾ? ಹೆಂಡತಿ, ಮಕ್ಕಳು ಚೆನ್ನಾಗಿದ್ದಾರಾ? ಪುಣೆಯಲ್ಲಿ ಈ ಸಲ ತುಂಬಾ ಚಳಿ ಅಂತ ನನ್ನ ಮಗಳ ಹತ್ತಿರ ಫೋನಲ್ಲಿ ಅಂದೆಯಂತೆ. ಅಂದ್ರೆ ಇಲ್ಲಿಯ ಚಳಿ ನಿನಗೆ ಪೂರ್ತಿ ಮರೆತೇ ಹೋಯ್ತು ಅಂತ ಆಯ್ತು. ರಾತ್ರಿ ಹಿಮದ ಪನಿ ಬಿದ್ದು ಬಿದ್ದು ಹಳ್ಳದ ಕಡೆಯ ಟೀ ಗಿಡವೆಲ್ಲ ಬೆಂಕಿ ತಗುಲಿದ ಹಾಗೆ ಕಪ್ಪಾಗಿ ನಿಂತಿದೆ, ಫ್ಯಾಕ್ಟರಿಗೆ ಹಾಕೋಕೆ ಎಲೆ ಇಲ್ಲ. ನಾನು ಚೆನ್ನಾಗಿದ್ದೀನಿ. ಜೀವಿತಾಗೆ ಕೆಮ್ಮು, ಆದರೂ ಮಂಕಿ ಕ್ಯಾಪ್ ಹಾಕ್ಕೊಳ್ಳೋಕೆ ನಾಚಿಕೆ ಅವಳಿಗೆ, ಊಟಿ ಕಾಲೇಜಲ್ಲಿ ಬಿ.ಎ. ಇಂಗ್ಲಿಷ್ ಓದೋಳಲ್ವಾ, ಸೋದರಮಾವನ ಹಾಗೇನೇ. ನಿಮ್ಮ ಸ್ಕೂಲ್ ಡೇ ಫೋಟೋ ಅವಳೇ ತೋರಿಸಿದಳು. ಕೋಟು ಹಾಕ್ಕೊಂಡು ಮುಖ್ಯ ಅತಿಥಿಗೆ ಹಾರ ಹಾಕ್ತಾ ಇದ್ದೀಯ. ಕೋಟು ನಿನಗೆ ಒಪ್ಪುತ್ತೆ. ಅವ್ವೆಯನ್ನ ಮಣ್ಣು ಮಾಡಿದ ಮಾರನೇ ದಿನದ ಫೋಟೋ ಅದು ಅಂತ ಆಮೇಲೆ ತಾರೀಕು ನೋಡಿದೆ.

ಇದನ್ನೆಲ್ಲ ಫೋನಲ್ಲೇ ಹೇಳಬಹುದಿತ್ತು. ಆದರೆ ಫೋನಲ್ಲಿ ನಾನು ಬಾಯಿ ತೆರೆಯೋದೇ ತಡ, “ಅಕ್ಕಾ, ಮೀಟಿಂಗ್” ಅಂತ ಇಟ್ಟುಬಿಡ್ತೀಯ. ಕಾಗದವನ್ನ ಹಾಗೆ ಮಾಡೋಕೆ ಆಗಲ್ಲ. ಕನ್ನಡದಲ್ಲಿ ಯಾಕೆ ಅಂದ್ರೆ, ಗುಂಡ್ಲುಪೇಟೆ ಚಿಕ್ಕವ್ವೆ ಮನೇಲಿದ್ದು ನಾವಿಬ್ಬರೂ ಕಲಿತ ಅಕ್ಷರ ಇದೇ, ನಿನ್ನ ಮನೇಲಿ ಬೇರೆ ಯಾರಿಗೂ ಇದನ್ನ ಓದೋಕೆ ಬರಲ್ಲ. ಬೈಗುಳ ನಿನಗೊಬ್ಬನಿಗೇ ತಲುಪಲಿ, ನಿನ್ನ ಹೆಂಡತಿ ಏನು ತಪ್ಪು ಮಾಡಿದ್ದಾಳೆ ಪಾಪ. ಜೇನಿನಂಥ ಮಾತಿನವಳಾಗಲಿ ಅಂತ ಅಪ್ಪ ನನಗೆ ತೇನ್ಮೊಳಿ ಅಂತ ಹೆಸರಿಟ್ಟ. ಅಪ್ಪನ ಲೆಕ್ಕ ಎಲ್ಲದರಲ್ಲೂ ತಪ್ಪೇ.

ಗುಂಡ್ಲುಪೇಟೆ ಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ನೆನಪಿದ್ದಾರಾ? ದಿನಕ್ಕೊಂದು ಪದ ಬೋರ್ಡ್ ಮೇಲೆ ಬರೆಯೋರು. ಪದ, ಅದರ ಅರ್ಥ, ಆಮೇಲೆ ಸ್ವಂತ ವಾಕ್ಯ. ಅರ್ಥ ಬಾಯಿಪಾಠ ಮಾಡಿದರೆ ಪದ ನಿಮ್ಮದಾಗಲ್ಲ, ನಿಮ್ಮ ಮನೆಯ ವಿಷಯ ಹಾಕಿ ಒಂದು ವಾಕ್ಯ ಮಾಡಿದರೆ ಆವಾಗ ಪದ ನಿಮ್ಮದು ಅನ್ನೋರು. ನನಗೆ ಆ ಸ್ವಂತ ವಾಕ್ಯ ಹುಟ್ಟುತ್ತಲೇ ಇರಲಿಲ್ಲ. ನೀನು ನನಗಿಂತ ಎರಡು ಕ್ಲಾಸು ಕೆಳಗೆ, ಆದರೂ ನನ್ನದನ್ನೂ ನೀನೇ ಮಾಡಿಕೊಡ್ತಿದ್ದೆ, ಒಂದು ವಾಕ್ಯಕ್ಕೆ ಒಂದು ವರ್ಕಿ ಬಿಸ್ಕತ್ತು ಅಂತ ರೇಟು. ರಜೆಗೆ ಬಂದಾಗ ಅವ್ವೆ ಊಟಿಯಿಂದ ತಂದ ವರ್ಕಿ ಎಲ್ಲಾ ನಿನ್ನ ಹೊಟ್ಟೆಗೇ ಹೋಗೋದು. ತಿನ್ನುವಾಗ ಚೂರು ಉದುರಿಸಿಕೊಂಡು ಅಂಗಿಯೆಲ್ಲ ಎಣ್ಣೆ ಮಾಡ್ಕೊಳ್ತಿದ್ದೆ. ಆ ಮುಖ ನೆನೆದರೆ ಈಗಲೂ ನಗು ಬರುತ್ತೆ. ನಗುವಿನ ಹಿಂದೆಯೇ ಸಿಟ್ಟೂ ಬರುತ್ತೆ, ಏನು ಮಾಡಲಿ ಹೇಳು.

ಈ ವಯಸ್ಸಲ್ಲಿ ನಾನು ಇನ್ನೊಂದು ಪದ ಕಲಿತೆ. ಅವ್ವೆ ಹೋದ ದಿನ ಬೆಳಿಗ್ಗೆ ನಿನ್ನ ಮೆಸೇಜಿನಲ್ಲಿ ಬಂತು. ಮನೆ ತುಂಬ ಜನ, ಹಟ್ಟಿ ಮುಂದಿನ ಹುಲ್ಲುಬಯಲಲ್ಲಿ ಕಟ್ಟಿಲು ಮಂಚ ಇಟ್ಟು ಅವ್ವೆಯನ್ನ ಮಲಗಿಸಿದ್ದೆವು, ಹೆಂಗಸರೆಲ್ಲ ಬಿಳಿ ಮುಂಡು ಹೊದ್ದು ಸುತ್ತ ಕೂತಿದ್ದರು. ನೀನು ವಿಮಾನ ಹತ್ತಿದ್ದೀಯೋ ಇಲ್ಲವೋ ಅಂತ ನಾನು ಫೋನ್ ನೋಡಿದರೆ, ನೀನು ಬರೆದದ್ದು ಇದು: ಸ್ಕೂಲ್ ಡೇ ಇದೆ, ಹೊರಡೋಕೆ ಆಗಲ್ಲ, ವಿಡಿಯೋದಲ್ಲಿ ಜೊತೆ ಇರ್ತೀನಿ, ನಮ್ಮ ಸ್ಕೂಲಿನ ಟೀಚರ್‌ಗಳೂ ನೋಡ್ತಾರೆ, ಅದಕ್ಕೆ ಹಾಲಜ್ಜನಿಗೆ ಹೇಳು, ಆ ಪಾಪ ಎಣಿಸೋದೆಲ್ಲ ಬೇಡ, ನೋಡೋರು ಏನಂದುಕೊಳ್ತಾರೆ, ಅದರ ಬದಲು ನಾನೊಂದು ಯೂಲಜಿ ಕಳಿಸಿದ್ದೀನಿ, ಜೀವಿತಾ ಓದಲಿ. ನಾನು ಆ ಪದವನ್ನೇ ನೋಡ್ತಾ ನಿಂತೆ. ಔಷಧಿ ಹೆಸರಿನ ಹಾಗಿತ್ತು. ಜೀವಿತಾಳನ್ನ ಅಡುಗೆಮನೆ ಹಿಂದಕ್ಕೆ ಕರೆದುಕೊಂಡು ಹೋಗಿ ಕೇಳಿದೆ. ಅಳ್ತಾ ಅಳ್ತಾನೇ ಹೇಳಿದಳು: ಸತ್ತವರನ್ನ ಎಲ್ಲರ ಎದುರು ಹೊಗಳಿ ಮಾತಾಡೋದು, ಅವರ ಒಳ್ಳೆಯದನ್ನ ಮಾತ್ರ ಹೇಳೋದು. ಕೆಟ್ಟದ್ದನ್ನ? ಅಂದೆ. ಅದನ್ನ ಹೇಳಲ್ಲವ್ವಾ, ಅದು ಮರ್ಯಾದೆ ಅಲ್ಲ ಅಂದಳು.

ನಿನಗೆ ಎಲ್ಲಾ ಮರೆತಿರುತ್ತೆ, ನೆನಪು ಮಾಡ್ತೀನಿ ಕೇಳು. ನಮ್ಮಲ್ಲಿ ಹೆಣ ಎತ್ತೋ ಮುಂಚೆ ಹಿರೀಕರೊಬ್ಬರು, ಈಗ ನಮ್ಮ ಹಟ್ಟಿಯಲ್ಲಿ ಹಾಲಜ್ಜ, ತಲೆ ಹತ್ತಿರ ನಿಂತು ಸತ್ತವರ ಪಾಪ ಹೇಳ್ತಾರೆ. ಹಾವು ಹೊಡೆದದ್ದು, ದಾರಿ ಕೇಳಿದವನಿಗೆ ತಪ್ಪು ದಾರಿ ತೋರಿಸಿದ್ದು, ಅಣ್ಣತಮ್ಮಂದಿರ ನಡುವೆ ಕಡ್ಡಿ ಆಡಿಸಿದ್ದು, ಎಲ್ಲೆಕಲ್ಲು ಸರಿಸಿದ್ದು. ಒಂದೊಂದಕ್ಕೂ ಸೇರಿದ ಜನವೆಲ್ಲ ಒಟ್ಟಿಗೆ “ಪಾಪ” ಅನ್ನಬೇಕು. ಅಂದಾಗ ಅದು ಅಲ್ಲಿಗೆ ಬಿಟ್ಟುಹೋಗುತ್ತೆ, ಹೆಣದ ಜೊತೆ ಹೋಗಲ್ಲ. ಇದರಲ್ಲಿ ಅವಮಾನ ಎಲ್ಲಿ ಬಂತು ಮಾರಾಯ? ಎಲ್ಲರಿಗೂ ಅದೇ ಪಾಪ, ಅದೇ ಮಾತು. ಊರ ಗೌಡನಿಗೂ ಅಷ್ಟೇ, ಭಿಕ್ಷೆ ಬೇಡಿದವನಿಗೂ ಅಷ್ಟೇ. ಇರುವೆ ತುಳಿಯದೆ ನಡೆದವನಿಗೂ ಹಾವು ಹೊಡೆದದ್ದು ಅಂತ ಹೇಳ್ತಾರೆ. ಯಾರು ಯಾವುದನ್ನ ನಿಜವಾಗಿ ಮಾಡಿದ್ದರೋ ಅದು ಆ ಗುಂಪಲ್ಲಿ ಸೇರಿ ಹೋಗುತ್ತೆ, ಯಾರಿಗೂ ತಿಳಿಯಲ್ಲ. ಮುಖ ಕೆಡಿಸದೆ ತಪ್ಪು ಬಿಡಿಸೋದು ಅಂದ್ರೆ ಅದು. ನಿಮ್ಮ ಟೀಚರ್‌ಗಳಿಗೆ ಅರ್ಥ ಆಗಲ್ಲ ಅಂದ್ರೆ ಅರ್ಥ ಮಾಡಿಸೋದು ನಿನ್ನ ಕೆಲಸ ಅಲ್ವಾ, ನೀನೂ ಮೇಷ್ಟ್ರಲ್ವಾ?

ನಿನ್ನ ಮೆಸೇಜಿನ ಮಾತನ್ನ ಹಾಲಜ್ಜನಿಗೆ ನಾನು ಹೇಳಲ್ಲ ಅಂತಾನೇ ಇದ್ದೆ. ಆದರೆ ನೀನೇ ಆತನಿಗೆ ಫೋನ್ ಮಾಡಿ ಹೇಳಿದೆ. ಇಷ್ಟು ವರ್ಷದಲ್ಲಿ ಆ ಮುದುಕನಿಗೆ ಒಂದು ಹಬ್ಬಕ್ಕೂ ಫೋನ್ ಮಾಡಿದವನಲ್ಲ. ಒಬ್ಬನೇ ಮಗ, ಮಗನ ಮಾತು ಮೀರೋಕೆ ಆಗಲ್ಲ ತೇನು ಅಂತ ಆತ ನನ್ನ ಹತ್ತಿರ ಬಂದು ಹೇಳಿದ. ಬಿಳಿ ರುಮಾಲು ಆಗಲೇ ಸುತ್ತಿಕೊಂಡಿದ್ದ. ಅದನ್ನ ಬಿಚ್ಚಿ ಮಡಿಸಿ ತೊಡೆ ಮೇಲೆ ಇಟ್ಟುಕೊಂಡು ಗೋಡೆ ಪಕ್ಕ ಕೂತುಬಿಟ್ಟ. ನಾನು ಜಗಳ ಮಾಡಬೇಕಿತ್ತು, ಅವ್ವೆಯ ಹೆಣದ ಮುಂದೆ ಮಗ ಮಗಳು ಕಿತ್ತಾಡಿದರು ಅಂತ ಆಗಬಾರದು ಅಂತ ಬಾಯಿ ಮುಚ್ಚಿಕೊಂಡೆ. ಫೋನನ್ನ ಗೊಬ್ಬರದ ಚೀಲಕ್ಕೆ ಒರಗಿಸಿ ಇಟ್ಟೆವು. ನಿನ್ನ ಮುಖ ಅದರಲ್ಲಿ ಒಂದು ಬೆರಳಷ್ಟು ಕಾಣ್ತಿತ್ತು.

ಜೀವಿತಾ ನೆಟ್ಟಗೆ ನಿಂತು ಓದಿದಳು. ಚೆನ್ನಾಗಿ ಓದಿದಳು, ಸುಳ್ಳು ಯಾಕೆ ಹೇಳಲಿ. ಅದು ಇಂಗ್ಲಿಷಲ್ಲೇ ಉಳಿದಿದ್ದರೆ ಇವತ್ತು ಈ ಕಾಗದ ಬರೀತಿರಲಿಲ್ಲ. ಆದರೆ ಜನ ಬಿಡ್ತಾರಾ? ನಮ್ಮ ಗಿರಿ ಏನ್ ಬರೆದಿದ್ದಾನೆ, ನಮ್ಮ ಮಾತಲ್ಲಿ ಹೇಳು ಮಗಾ ಅಂತ ಹಿಂದಿನಿಂದ ಯಾರೋ ಕೂಗಿದರು. ಅವಳು ಹೇಳಿದ ಮಾತು ಕೇಳೋ ಮಗು, ಒಂದೊಂದೇ ಸಾಲು ನಮ್ಮ ಮಾತಿಗೆ ತಂದು ಹೇಳಿದಳು. ನನ್ನ ತಾಯಿ ಹೆಚ್ಚು ಮಾತಾಡದ ಶಾಂತ ಮೂರ್ತಿ ಅಂದಾಗ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವ್ವೆಯಾ? ಈ ಗುಡ್ಡದಲ್ಲಿ ನಿಂತು ಆ ಗುಡ್ಡದಲ್ಲಿ ಎಲೆ ಕೀಳೋರನ್ನ ಬೈಯುತ್ತಿದ್ದ ನಮ್ಮ ಅವ್ವೆಯಾ? ನಿದ್ದೆ ಬರೋವರೆಗೂ ಕಥೆ ಹೇಳ್ತಿದ್ದಳು ಅಂತ ಬರೆದಿದ್ದೀಯ. ಕಥೆ ಹೇಳ್ತಿದ್ದದ್ದು ನಾನು ಕಣೋ. ಕೊನೆ ಉಸಿರಲ್ಲಿ ನಿನ್ನ ಹೆಸರು ಹೇಳಿದಳು ಅಂತ ಬರೆದಿದ್ದೀಯ. ಅವಳು ಕೊನೆಗೆ ಕೇಳಿದ್ದು ಕೋಳಿ ಮುಚ್ಚಿದ್ದೀಯಾ ಅಂತ. ಇದನ್ನೆಲ್ಲ ನುಂಗಿಕೊಂಡೆ. ಹೊಗಳುವಾಗ ಒಂದಕ್ಕೆರಡು ಸೇರಿಸೋದು ಇದ್ದದ್ದೇ, ಹೋಗಲಿ ಅಂದುಕೊಂಡೆ.

ಆಮೇಲೆ ಆ ಸಾಲು ಬಂತು. “ಬದುಕಿನಲ್ಲಿ ಒಂದು ಸಲವೂ ನನ್ನ ತಾಯಿ ಪಕ್ಕದವರ ಗಿಡದ ಒಂದು ಎಲೆಯನ್ನೂ ಮುಟ್ಟಲಿಲ್ಲ.” ಜೀವಿತಾ ಅದನ್ನ ನಮ್ಮ ಮಾತಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಹೇಳಿದಳು. ಲಿಂಗಿ ಅಕ್ಕ ಅವ್ವೆಯ ಕಾಲ ಹತ್ತಿರ ಕೂತಿದ್ದಳು, ನಮ್ಮ ಕೆಳಗಿನ ತೋಟದವಳು, ನಿನ್ನನ್ನ ಸೊಂಟದ ಮೇಲೆ ಹೊತ್ತು ತಿರುಗಿದವಳು. ಬೆಳಿಗ್ಗೆಯಿಂದ ಎದ್ದಿರಲಿಲ್ಲ, ಒಂದು ಲೋಟ ಕಾಫಿ ಕೂಡ ಕುಡಿದಿರಲಿಲ್ಲ. ಆ ಮಾತು ಕಿವಿಗೆ ಬಿದ್ದದ್ದೇ ಎದ್ದಳು, ಮುಂಡು ಕೊಡವಿ ಹೊದ್ದುಕೊಂಡಳು, ನನ್ನ ಮುಖವನ್ನ ಒಂದು ಸಲ ನೋಡಿದಳು, ಮನೆ ಕಡೆ ನಡೆದಳು. ಹೆಣ ಎತ್ತುವಾಗಲೂ ಬರಲಿಲ್ಲ. ನಿನ್ನ ಫೋನಿಗೆ ಅದು ಕಂಡಿತೋ ಇಲ್ಲವೋ ಗೊತ್ತಿಲ್ಲ. ನೀನು ಅಷ್ಟು ಹೊತ್ತಿಗೆ ಕಣ್ಣು ಒರೆಸಿಕೊಳ್ತಿದ್ದೆ.

ಈಗ ಹೇಳ್ತೀನಿ, ಕೂತ್ಕೊಂಡು ಓದು. ಹೋದ ನವೆಂಬರಲ್ಲಿ ಅವ್ವೆಯನ್ನ ಅಂಗಳದ ಬಿಸಿಲಲ್ಲಿ ಕೂರಿಸಿ ತಲೆ ಬಾಚ್ತಿದ್ದೆ. ಕೂದಲು ಹತ್ತಿಯ ಹಾಗೆ ಆಗಿಹೋಗಿತ್ತು. ಇದ್ದಕ್ಕಿದ್ದ ಹಾಗೆ, ತೇನೂ, ಹಾಲ ಪಾಪ ಹೇಳುವಾಗ ಎಲ್ಲೆಕಲ್ಲಿನ ಮಾತು ಬಿಡದ ಹಾಗೆ ನೋಡ್ಕೊ, ಆ ಮಾತಿಗೆ ಜನ ಜೋರಾಗಿ ಅನ್ನಲಿ ಅಂದಳು. ಯಾಕವ್ವೆ ಅಂದೆ. ಹೇಳಿದಳು. ನೀನು ಕೊಯಮತ್ತೂರು ಕಾಲೇಜು ಸೇರಿದ ವರ್ಷ, ಅಪ್ಪ ಸತ್ತು ಇನ್ನೂ ವರ್ಷ ಆಗಿರಲಿಲ್ಲ. ಲಿಂಗಿ ಅಕ್ಕನ ಗಂಡನೂ ಆಗಲೇ ಸತ್ತದ್ದು, ಅವಳು ಬಾಣಂತಿ ಬೇರೆ, ತೌರಿಗೆ ಹೋಗಿದ್ದಳು. ನಿನ್ನ ಹಾಸ್ಟೆಲ್ಲಿಗೆ ನಮ್ಮ ಎಲೆ ಸಾಲುತ್ತಿರಲಿಲ್ಲ. ಅವ್ವೆ ಒಬ್ಬಳೇ ಹೋಗಿ ಎಲ್ಲೆಕಲ್ಲು ಕಿತ್ತು ಅವಳ ತೋಟದೊಳಕ್ಕೆ ನೆಟ್ಟಳಂತೆ. ಮೂರು ಸಾಲು ಟೀ ಗಿಡ ನಮ್ಮ ಕಡೆ ಬಂತು. ಆಮೇಲೆ ಅಳೆಯೋರು ಬಂದಾಗ ಕಲ್ಲು ಇದ್ದ ಕಡೆಗೇ ಸರಪಳಿ ಹಿಡಿದು ಅಳೆದು ಪಟ್ಟಾ ಮಾಡಿದರು. ಪಾಲು ಆದಾಗ ಅದು ನಿನ್ನ ಕಡೆಗೆ ಬಂತು. ನೀನು ಕಲಿತ ಇಂಗ್ಲಿಷ್ ಇದೆಯಲ್ಲ ಗಿರಿ, ಅದರಲ್ಲಿ ಆ ಮೂರು ಸಾಲಿನ ಎಲೆಯೂ ಇದೆ. ಆ ಇಂಗ್ಲಿಷಲ್ಲೇ ನೀನು ಬರೆದೆ, ಒಂದು ಎಲೆಯನ್ನೂ ಮುಟ್ಟಲಿಲ್ಲ ಅಂತ, ಆ ಎಲೆಯ ಒಡತಿಯನ್ನ ಎದುರಿಗೆ ಕೂರಿಸಿಕೊಂಡು.

ನಿನಗೆ ಇದು ಗೊತ್ತಿರಲಿಲ್ಲ, ಒಪ್ಪಿದೆ. ಗೊತ್ತಿಲ್ಲದವನು ಹೇಳಬಾರದಿತ್ತು. ಗೊತ್ತಿರೋರೂ ಗೊತ್ತಿಲ್ಲದಿರೋರೂ ಸೇರಿ ಹೇಳೋ ಮಾತು ಒಂದಿತ್ತಲ್ಲ ನಮ್ಮಲ್ಲಿ, ಅದನ್ನ ನಿಲ್ಲಿಸಿದೆ. ಅವ್ವೆಗೆ ಆ ಒಂದು ಮಾತು ಬೇಕಿತ್ತು. ಬೇರೆ ಏನೂ ಕೇಳಿರಲಿಲ್ಲ ಅವಳು, ಒಳ್ಳೆ ಸೀರೆ ಕೂಡ ಬೇಡ ಅಂದಿದ್ದಳು. ಹೊಗಳಿ ಹೊಗಳಿ, ಇಳಿಸಬೇಕಾಗಿದ್ದ ಹೊರೆಯನ್ನ ಅವಳ ತಲೆ ಮೇಲೇ ಇಟ್ಟು ಕಳಿಸಿದೆ ನೀನು. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟಿದೆ ಅಂದ್ರೆ, ಬರೆಯೋಕೆ ಕೂತು ಮೂರು ಹಾಳೆ ಹರಿದೆ.

ಆಮೇಲಿನ ವಾರ ಹಾಲಜ್ಜನ ಮನೆಗೆ ಹೋದೆ. ಈಗ ಹೇಳಿಬಿಡು ಅಜ್ಜಾ, ನಾನು ಹತ್ತು ಜನರನ್ನ ಸೇರಿಸ್ತೀನಿ, ಬಾಗಿಲಲ್ಲೇ ಹೇಳು ಅಂತ ಕೇಳಿದೆ, ಕಾಲು ಹಿಡಿಯೋದೊಂದು ಬಾಕಿ. ಆತ ಒಲೆಗೆ ಸೌದೆ ತಳ್ಳಿದ. ಹೆಣ ಎದುರಿಗೆ ಇರಬೇಕು ಮಗಾ, ಹೋದ ಮೇಲೆ ಯಾರಿಗೆ ಅಂತ ಹೇಳೋದು ಅಂದ. ಅಷ್ಟು ಹೇಳಿ ಅತ್ತುಬಿಟ್ಟ. ಆತನಿಗೆ ಅವ್ವೆ ಸೋದರತ್ತೆ ಮಗಳು, ಒಟ್ಟಿಗೆ ಎಮ್ಮೆ ಮೇಯಿಸಿದವರು. ಅವಳ ಪಾಪ ನಾನೇ ಹೇಳ್ತೀನಿ ಅಂತ ಯಾವಾಗಲೋ ಅವಳಿಗೆ ಮಾತು ಕೊಟ್ಟಿದ್ದನಂತೆ. ಅಂದ್ರೆ ಆ ದಾರಿ ಮುಚ್ಚಿತು. ನೀನು ಇನ್ನು ಮೇಲೆ ಪುಣೆಯಿಂದ ಓಡಿ ಬಂದರೂ ಮುಚ್ಚಿದ್ದು ಮುಚ್ಚಿದ್ದೇ.

ಅಲ್ಲಿಂದ ಸೀದಾ ಲಿಂಗಿ ಅಕ್ಕನ ಮನೆಗೆ ಹೋದೆ. ಯಾವ ಮುಖ ಇಟ್ಕೊಂಡು ಹೋಗೋದು ಅಂತ ಬೇಲಿ ಹತ್ತಿರ ನಿಂತಿದ್ದೆ, ಅವಳೇ ಕರೆದಳು. ಅವಳಿಗೆ ಮೊದಲಿನಿಂದ ಗೊತ್ತಂತೆ ಕಣೋ. ಕಲ್ಲಿಗೆ ಕಾಲು ಬರುತ್ತಾ ಅಂದಳು. ಕೇಳಲಿಲ್ಲ ಯಾಕೆ ಅಂದ್ರೆ, ನಿನ್ನ ಅವ್ವೆ ಆ ಮೇಲೆ ನನ್ನ ಮಗುವನ್ನ ತನ್ನ ಮಗುವಿನ ಹಾಗೆ ನೋಡ್ಕೊಂಡಳು, ಕೇಳಿದ್ದರೆ ಅದೂ ಹೋಗೋದು ಅಂದಳು. ಆದರೆ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಳು. ನಿಮ್ಮ ಅವ್ವೆ ಕಾಳಿ ಹೋದ ದಿನ ಹಾಲ ಎಲ್ಲೆಕಲ್ಲಿನ ಮಾತು ಹೇಳ್ತಾನೆ, ಆವಾಗ ಎಲ್ಲರಿಗಿಂತ ಜೋರಾಗಿ ನಾನು “ಪಾಪ” ಅಂತೀನಿ, ಅಲ್ಲಿಗೆ ಮುಗೀತು, ಅವಳಿಗೂ ಬಿಡುಗಡೆ ನನಗೂ ಬಿಡುಗಡೆ ಅಂತ ಇಷ್ಟು ವರ್ಷ ಕಾದಿದ್ದಳಂತೆ. ಅದಕ್ಕೇ ಬೆಳಿಗ್ಗೆಯಿಂದ ಕಾಲ ಹತ್ತಿರ ಕೂತಿದ್ದದ್ದು. ಒಂದೇ ಮಾತಿಗೆ ಇಬ್ಬರು ಮುದುಕಿಯರು ಕಾದಿದ್ದರು. ಕ್ಷಮಿಸೋಕೆ ಅಂತ ಬಂದವಳಿಗೆ, ತಪ್ಪೇ ನಡೆದಿಲ್ಲ ಅಂತ ಓದಿ ಹೇಳಿಸಿದೆಯಲ್ಲೋ ನೀನು. ಅವಳು ನಿನ್ನನ್ನ ಒಂದು ಮಾತೂ ಬೈಯಲಿಲ್ಲ. ಗಿರಿಗೆ ಬೆನ್ನುನೋವಂತೆ, ಹೌದಾ ಅಂತ ಕೇಳಿದಳು. ನಾನು ಅವಳ ಮುಂದೆ ಚಿಕ್ಕ ಹುಡುಗಿ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ.

ಹೀಗಾಗಿ ಈ ಪದ ನನಗೆ ಈಗ ಚೆನ್ನಾಗಿ ಬರುತ್ತೆ. ಅರ್ಥ ಜೀವಿತಾ ಹೇಳಿದಳು, ಸ್ವಂತ ವಾಕ್ಯ ನಾನೇ ಮಾಡಿದ್ದೀನಿ, ಮೊದಲನೇ ಸಲ ನಿನ್ನ ಸಹಾಯ ಇಲ್ಲದೆ. ನನ್ನ ತಮ್ಮ ಅವ್ವೆಯ ಯೂಲಜಿಯನ್ನ ಅವ್ವೆಗೆ ಬರೆಯಲಿಲ್ಲ, ನೋಡೋರಿಗೆ ಬರೆದ. ಇನ್ನೊಂದು: ಯೂಲಜಿ ಓದಿದ ಮೇಲೆ ಪಕ್ಕದ ಮನೆಯವಳು ಎದ್ದು ಹೋದಳು. ತಪ್ಪಿದ್ದರೆ ಕೆಂಪು ಇಂಕಲ್ಲಿ ತಿದ್ದಿ ಕಳಿಸು ವೈಸ್ ಪ್ರಿನ್ಸಿಪಾಲರೇ. ವರ್ಕಿ ಮಾತ್ರ ಕೇಳಬೇಡ.

ಇಷ್ಟೆಲ್ಲ ಬೈದರೂ ನೀನು ನನ್ನ ತಮ್ಮನೇ, ಅದೇ ನನ್ನ ಕರ್ಮ. ಬೆನ್ನಿಗೆ ಬಿಸಿನೀರು ಕಾಸಿಕೊ, ಕುರ್ಚಿಯಲ್ಲಿ ಕೂತೇ ಇರಬೇಡ. ಮಕ್ಕಳಿಗೆ ಅತ್ತೆಯ ಮುತ್ತು, ನಿನ್ನ ಹೆಂಡತಿಗೆ ಕೇಳಿದೆ ಅಂತ ಹೇಳು. ನಮ್ಮ ಕುಲದೇವತೆ ಹೆತ್ತೆ ತಾಯಿ ನಿಮ್ಮನ್ನೆಲ್ಲ ಕಾಯಲಿ, ನಿನಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ತೇನ್ಮೊಳಿ

ತಾ.ಕ.: ಜೀವಿತಾ ಊಟಿ ಬಸ್ಸಿಗೆ ಹೊರಟು ನಿಂತಿದ್ದಾಳೆ, ಇದನ್ನ ಅಂಚೆಗೆ ಹಾಕೋಳು ಅವಳೇ, ಅದಕ್ಕೆ ಬೇಗ ಬರೀತೀನಿ. ನಿನ್ನೆ ಹಾಡಹಗಲಲ್ಲಿ, ಹಟ್ಟಿಯೆಲ್ಲ ನೋಡ್ತಿರುವಾಗ, ಎಲ್ಲೆಕಲ್ಲು ಕಿತ್ತು ಹಳೇ ಜಾಗದಲ್ಲಿ ನೆಟ್ಟೆ. ಹಳೇ ಜಾಗ ಯಾವುದು ಅಂತ ಹುಡುಕಬೇಕಾಗಲಿಲ್ಲ, ಲಿಂಗಿ ಅಕ್ಕ ನೇರ ಹೋಗಿ ಅಲ್ಲಿ ನಿಂತಳು. ಆ ಮೂರು ಸಾಲು ನಿನ್ನ ಹೆಸರಲ್ಲಿದೆ, ಪಟ್ಟಾ ನಿನ್ನ ಕೈಲಿದೆ, ನಾನು ನಿನ್ನನ್ನ ಕೇಳಲಿಲ್ಲ. ಅವ್ವೆನೂ ಯಾರನ್ನೂ ಕೇಳಿರಲಿಲ್ಲ. ಕೇಸು ಹಾಕೋದಿದ್ದರೆ ಹಾಕು, ನಾನು ಬಂದು ನಿಲ್ತೀನಿ. ಇನ್ನೊಂದೇ ಮಾತು. ನಾನು ಸತ್ತಾಗ ನೀನು ಬಂದರೆ ಬಾ, ಇಲ್ಲದಿದ್ದರೆ ಬಿಡು, ಬರೆದು ಮಾತ್ರ ಏನೂ ಕಳಿಸಬೇಡ. ನನ್ನ ಪಾಪ ಎಲ್ಲಾ ಹೇಳಿಸು. ಎಲ್ಲೆಕಲ್ಲು ಸರಿಸಿದ್ದು ಅಂತ ಬಂದಾಗ ಜನ ಜೋರಾಗಿ “ಪಾಪ” ಅನ್ನಲಿ, ನಾನೂ ಸರಿಸಿದ್ದೀನಲ್ಲ. ಲಿಂಗಿ ಅಕ್ಕ ಅಷ್ಟು ಹೊತ್ತಿಗೆ ಬದುಕಿದ್ದರೆ, ನಾನು ಸರಿಸಿದ್ದು ಪಾಪವೇ ಅಲ್ಲ, ಆ ಒಂದು ಮಾತಿಗೆ ತಾನು ಬಾಯಿ ಬಿಡಲ್ಲ ಅಂತ ಹೇಳಿದ್ದಾಳೆ.